ಬಿಲ್ ಸೊನ್ನೆ ಬರುವ ಮನೆಗೆ ಎಲ್‌ಇಡಿ ಬೇಕೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ನಾಲ್ಕು, 60 ವ್ಯಾಟ್‌ನ ಹಳದಿ ಬಲ್ಬ್ ಮೂರು ಇವೆ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ. ಬೇಸಿಗೆಯಲ್ಲಿ ಕೂಲರ್ ಹಾಕಿದಾಗ ಮಾತ್ರ ಕಟ್ಟಬೇಕಾಗುತ್ತದೆ. ದುಡ್ಡು ಹಾಕಿ ಎಲ್‌ಇಡಿ ಮಾಡಿಸಿದರೆ ಲಾಭ ಇದೆಯಾ? ಹಿಂದೆ ಸಂತೆಯಲ್ಲಿ ತಂದ ಎರಡು ಎಲ್‌ಇಡಿ ಬಲ್ಬ್ ಆರು ತಿಂಗಳೂ ಬಾಳಲಿಲ್ಲ.
– ಓದುಗರೊಬ್ಬರು, ಸಿಂಧನೂರು

ಉತ್ತರ: ಲಾಭ ಇದೆ. ಅದು ಸಿಗುವುದು ನೀವು ಹೇಳಿದ ಆ ಬೇಸಿಗೆ ಬಿಲ್ಲಿನಲ್ಲೇ.

ಗೃಹಜ್ಯೋತಿಯಲ್ಲಿ ಎಲ್ಲ ಮನೆಗೂ 200 ಯೂನಿಟ್ ಉಚಿತವಲ್ಲ. ಬಹುತೇಕ ಮನೆಗಳಿಗೆ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ. ಮಿತಿ ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. 180 ವ್ಯಾಟ್‌ನ ಕೂಲರ್ ರಾತ್ರಿ ಎಂಟು ತಾಸು ಓಡಿದರೆ ತಿಂಗಳಿಗೆ 43 ಯೂನಿಟ್ ಎಳೆಯುತ್ತದೆ.

ಈಗ ದೀಪದ ಲೆಕ್ಕ ನೋಡಿ. ದಿನಕ್ಕೆ ಐದು ತಾಸು ಉರಿದರೆ ನಿಮ್ಮ ಮೂರು ಬಲ್ಬಿಗೆ ತಿಂಗಳಿಗೆ 27 ಯೂನಿಟ್ ಬೇಕು. ಅಷ್ಟೇ ಬೆಳಕು ಕೊಡುವ 9 ವ್ಯಾಟ್‌ನ ಮೂರು ಎಲ್‌ಇಡಿಗೆ ನಾಲ್ಕು ಯೂನಿಟ್ ಸಾಕು, ಅಂದರೆ 23 ಯೂನಿಟ್ ಉಳಿತಾಯ. 40 ವ್ಯಾಟ್‌ನ ಟ್ಯೂಬ್‌ಲೈಟ್ ಚೋಕ್ ಸೇರಿ 50 ವ್ಯಾಟ್ ದಾಟುತ್ತದೆ. ನಾಲ್ಕನ್ನೂ 20 ವ್ಯಾಟ್‌ನ ಎಲ್‌ಇಡಿಗೆ ಬದಲಿಸಿದರೆ ಸುಮಾರು 19 ಯೂನಿಟ್ ಉಳಿತಾಯ. ಒಟ್ಟು 42. ಕೂಲರ್ ತಿನ್ನುವುದು ಹೆಚ್ಚುಕಡಿಮೆ ಇಲ್ಲೇ ಸಿಕ್ಕಂತಾಯಿತು.

ಎಲ್ಲ ಬದಲಿಸಲು 1,300 ರೂಪಾಯಿ ಆಸುಪಾಸು ಖರ್ಚು. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ತಿಂಗಳ ಉಳಿತಾಯ 250. ಅದು ನಿಮಗೆ ಬೇಸಿಗೆಯಲ್ಲಷ್ಟೇ ಸಿಗುವುದರಿಂದ ಹಾಕಿದ ದುಡ್ಡು ವಾಪಸ್ ಬರಲು ಎರಡು ಬೇಸಿಗೆ ಹಿಡಿಯುತ್ತದೆ. ಬಳಕೆ 200 ಯೂನಿಟ್ಟನ್ನು ಸ್ವಲ್ಪವೇ ದಾಟುವ ಮನೆಯಾದರೆ, ಎಲ್‌ಇಡಿಯಿಂದ ಅದು 200ರೊಳಗೆ ಇಳಿದು ಪೂರ್ತಿ ಬಿಲ್ ಕಟ್ಟುವುದು ತಪ್ಪುವುದರಿಂದ, ಒಂದೇ ತಿಂಗಳಲ್ಲಿ ಬಹುಪಾಲು ಬಂದುಬಿಡಬಹುದು. ಒಮ್ಮೆಗೇ ಎಲ್ಲ ಬೇಡ. ಮೊದಲು ಮೂರು ಹಳದಿ ಬಲ್ಬ್ ತೆಗೆಯಿರಿ. 300 ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ ಮುಗಿಯಿತು. ಆಮೇಲೆ ಪಡಸಾಲೆ, ಅಡುಗೆಮನೆಯ ಟ್ಯೂಬ್. ದಿನಕ್ಕೆ ಹತ್ತು ನಿಮಿಷ ಉರಿಯುವ ಕಡೆ ಹಳೇದೇ ಇರಲಿ.

ಇನ್ನು ಸುಟ್ಟ ಬಲ್ಬ್. ಎಲ್‌ಇಡಿಯಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ದೀಪವಲ್ಲ, ಬುಡದಲ್ಲಿದ್ದು ದೀಪಕ್ಕೆ ಹದವಾಗಿ ಕರೆಂಟ್ ಕೊಡುವ ಡ್ರೈವರ್ ಎಂಬ ಸರ್ಕೀಟ್. ಅದರೊಳಗಿನ ಪುಟ್ಟ ಕೆಪಾಸಿಟರ್ ಕಾವಿಗೆ ಒಣಗುತ್ತದೆ. ರಾಯಚೂರು ಸೀಮೆಯ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ, ಅದೂ ಮುಚ್ಚಿದ ಗಾಜಿನ ಗ್ಲೋಬಿನೊಳಗೆ ಬಲ್ಬ್ ಹಾಕಿದರೆ ಒಳ್ಳೆಯ ಕಂಪನಿಯದೂ ಬೇಗ ಕೈಕೊಡುತ್ತದೆ. ಗ್ಲೋಬ್ ತೆಗೆದು ಗಾಳಿಯಾಡಲು ಬಿಡಿ. ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಅದರ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಗ್ಯಾರಂಟಿ ಬರೆದ ಬಿಲ್ ಇಸಿದುಕೊಳ್ಳಿ. ಸಂತೆಯ ಬಲ್ಬಿಗೆ ಇವೆರಡೂ ಸಾಮಾನ್ಯವಾಗಿ ಇರುವುದಿಲ್ಲ.

ಅಷ್ಟು ಮಾಡಿದರೂ ಸುಟ್ಟರೆ, ಮಿಕ್ಸಿ ಹಾಕಿದಾಗ ದೀಪಗಳು ಒಮ್ಮೆ ಮಂಕು ಒಮ್ಮೆ ಜೋರು ಆಗುತ್ತವೆಯೇ ಗಮನಿಸಿ. ಹಾಗೆ ಆಗುತ್ತಿದ್ದರೆ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ತಂತಿ) ಸಡಿಲವಾಗಿರಬಹುದು; ಎಷ್ಟು ಬಲ್ಬ್ ಬದಲಿಸಿದರೂ ಪ್ರಯೋಜನವಿಲ್ಲ. ಮನೆಯೊಳಗಿನದನ್ನು ಎಲೆಕ್ಟ್ರಿಷಿಯನ್ ಬಿಗಿ ಮಾಡಿಕೊಡುತ್ತಾರೆ. ಕಂಬದ ಕಡೆಯದಾದರೆ ನೀವು ಮುಟ್ಟಬೇಡಿ, ನಿಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ಕರೆ ಮಾಡಿ ದೂರು ಬರೆಸಿ.