ಉತ್ತರದ ಗಾಳಿ ಇದ್ದಿದ್ದರೆ ನೀವು ಹೊರಡುತ್ತಲೇ ಇರಲಿಲ್ಲ

ನಮಸ್ಕಾರ.

ಮಯಾಮಿಯಿಂದ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಹಾಯಿದೋಣಿಯಲ್ಲಿ ಹೋದ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಕೈ ತೊಳೆದುಕೊಳ್ಳಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. 'ಅನಂತ ನೀಲಿಯ ಕರೆ', 'ಅಲೆಗಳ ಜೋಗುಳ' ಇವನ್ನೆಲ್ಲ ಕಡಲು ನೋಡದವರೂ ಬರೆಯಬಹುದು. ದೋಣಿಗೆ ಏನೇನು ತುಂಬಿಸಿದಿರಿ ಎಂಬ ಪಟ್ಟಿಯೂ ಬೇಡ. ಲೈಫ್ ಜಾಕೆಟ್ ಇಟ್ಟುಕೊಂಡಿರಿ, ಸಂತೋಷ. ಕೊಲಂಬಸ್‌ನನ್ನೂ ಬಿಡಿ. ಇತಿಹಾಸ ಬೇಕೇ ಬೇಕೆಂದರೆ 1513ರಲ್ಲಿ ಫ್ಲಾರಿಡಾ ತೀರದಲ್ಲಿ ಇದೇ ಗಲ್ಫ್ ಸ್ಟ್ರೀಮ್‌ಗೆ, ಅಂದರೆ ಉತ್ತರಕ್ಕೆ ಓಡುವ ಕಡಲ ಹರಿವಿಗೆ, ಸಿಕ್ಕಿಕೊಂಡ ಸ್ಪೇನಿನ ಅನ್ವೇಷಕ ಪಾನ್ಸೆ ದೆ ಲೆಯಾನ್ ಇದ್ದಾನೆ. ಗಾಳಿ ಚೆನ್ನಾಗಿಯೇ ಇತ್ತು, ಆದರೂ ಅವನ ಹಡಗುಗಳು ಹಿಂದಕ್ಕೆ ಹೋದವು. ಎರಡು ಸಾಲು ಸಾಕು.

ಈಗ ಮುಖ್ಯ ವಿಷಯ. 'ಗಲ್ಫ್ ಸ್ಟ್ರೀಮ್ ಬಹಳ ಬಲವಾಗಿತ್ತು' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಎಷ್ಟು ಬಲ? ಬಿಮಿನಿ ಇರುವುದು ಮಯಾಮಿಯಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೆ, ಸುಮಾರು 45 ನಾಟಿಕಲ್ ಮೈಲಿ. ನಿಮ್ಮ ದೋಣಿಯ ವೇಗ 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ) ಎಂದು ನೀವೇ ಹೇಳಿದ್ದೀರಿ. ಅಂದರೆ 9 ಗಂಟೆ. ಅಷ್ಟು ಹೊತ್ತೂ ನೀರು ಸರಾಸರಿ ಎರಡೂವರೆ ನಾಟ್ ವೇಗದಲ್ಲಿ ಉತ್ತರಕ್ಕೆ ಓಡುತ್ತಿರುತ್ತದೆ, ನಡುಮಧ್ಯದಲ್ಲಿ ಇನ್ನೂ ಜಾಸ್ತಿ. ದೋಣಿಯ ಮೂತಿ ಪೂರ್ವಕ್ಕಿಟ್ಟು ಸುಮ್ನೆ ಕೂತರೆ 22 ಮೈಲಿ ಉತ್ತರಕ್ಕೆ ಕೊಚ್ಚಿಕೊಂಡು ಹೋಗಿರುತ್ತೀರಿ. ಬಿಮಿನಿ ಕಣ್ಣಿಗೂ ಬೀಳುವುದಿಲ್ಲ. ಈ ಲೆಕ್ಕ ಓದುಗನಿಗೆ ಗೊತ್ತಾದರೆ ಹೆದರಿಕೆ ತಾನಾಗಿಯೇ ಬರುತ್ತದೆ. 'ಭಯಾನಕ' ಎಂಬ ಪದವನ್ನು ಹನ್ನೊಂದು ಸಲ ಬಳಸುವ ಕಷ್ಟ ನಿಮಗೂ ತಪ್ಪುತ್ತದೆ.

'ಜಿಪಿಎಸ್ ತೋರಿಸಿದ ಹಾಗೆ ಹೋದೆವು' ಎಂದಿದ್ದೀರಿ. ಹಾಗೆ ಹೋಗಿರಲಿಕ್ಕಿಲ್ಲ, ಅಲ್ವಾ? ಪ್ರತಿ ಸಲವೂ ದ್ವೀಪದ ಕಡೆಗೇ ಮೂತಿ ತಿರುಗಿಸುತ್ತಾ ಹೋದರೆ ದಾರಿ ಬಿಲ್ಲಿನ ಹಾಗೆ ಬಾಗುತ್ತದೆ. ಕೊನೆಗೆ ನೀರಿಗೆ ಎದುರಾಗಿ ತೆವಳಬೇಕಾಗುತ್ತದೆ. ನೀವು ಲಾಗ್ ಪುಸ್ತಕದ, ಅಂದರೆ ದೋಣಿಯ ದಿನಚರಿಯ, ಫೋಟೋ ಕಳಿಸಿದ್ದೀರಲ್ಲ, ಅದರಲ್ಲಿ ನಿಮ್ಮ ಪತ್ನಿಯ ಅಕ್ಷರದಲ್ಲಿ 'ಹೆಡಿಂಗ್ 120 ಟ್ರೂ' ಎಂದಿದೆ. ಅಂದರೆ ಮೂತಿ ಇರುವುದು ನಿಜ ಉತ್ತರದಿಂದ 120 ಡಿಗ್ರಿಗೆ. ಪೂರ್ವ ಅಂದರೆ 90. ಅವರು ಮೊದಲೇ ಲೆಕ್ಕ ಹಾಕಿ ಮೂತಿಯನ್ನು 30 ಡಿಗ್ರಿ ದಕ್ಷಿಣಕ್ಕೆ ಇಟ್ಟಿದ್ದಾರೆ. ದೋಣಿ ನೋಡುವುದು ಆಗ್ನೇಯಕ್ಕೆ, ಸಾಗುವುದು ಪೂರ್ವಕ್ಕೆ, ಏಡಿಯ ಹಾಗೆ. ವೇಗ ನಾಲ್ಕು ಚಿಲ್ಲರೆಗೆ ಇಳಿದು 9 ಗಂಟೆಯ ದಾರಿ ಹತ್ತೂವರೆ ಗಂಟೆ ಆಗುತ್ತದೆ. ಇಂಥ ವಿವರ ಕೈಯಲ್ಲಿಟ್ಟುಕೊಂಡು ಅಲೆಗಳ ಜೋಗುಳ ಬರೆದಿದ್ದೀರಲ್ರೀ! ಕೆಲವರು ಮೊದಲು ಫ್ಲಾರಿಡಾದ ಕೀ ಲಾರ್ಗೋ ದ್ವೀಪದ ತನಕ ದಕ್ಷಿಣಕ್ಕೆ ಇಳಿದು ಅಲ್ಲಿಂದ ದಾಟುತ್ತಾರೆ, ಅದನ್ನೂ ಸೇರಿಸಿ. ಹರಿಗೋಲಿನವನು ದಂಡೆಗುಂಟ ಮೇಲಕ್ಕೆ ಹೋಗಿ ಆಮೇಲೆ ಹೊಳೆಗೆ ಬಿಡುತ್ತಾನಲ್ಲ, ಅದೇ ಉಪಾಯ. ನಮ್ಮ ಓದುಗರಿಗೆ ಥಟ್ಟನೆ ಅರ್ಥವಾಗುತ್ತದೆ.

ನಾಲ್ಕನೇ ಪುಟದಲ್ಲಿ ಒಂದು ತಪ್ಪಿದೆ. 'ಉತ್ತರದ ತಂಗಾಳಿ ಮುಖಕ್ಕೆ ಮುತ್ತಿಟ್ಟಿತು' ಅಂತೆ. ಉತ್ತರಕ್ಕೆ ಓಡುವ ನೀರಿಗೆ ಉತ್ತರದಿಂದ ಬರುವ ಗಾಳಿ ಎದುರು ಬಿದ್ದರೆ ಅಲೆಗಳು ಒತ್ತೊತ್ತಾಗಿ, ಗೋಡೆಯ ಹಾಗೆ ನೆಟ್ಟಗೆ ಏಳುತ್ತವೆ. ತಿಳಿದವರು ಆ ಗಾಳಿಯಲ್ಲಿ ಲಂಗರು ಎತ್ತುವುದಿಲ್ಲ. ಲಾಗ್ ಪುಸ್ತಕದಲ್ಲಿ 'ಗಾಳಿ ದಕ್ಷಿಣ, 10' ಎಂದೇ ಇದೆ, ಅಂದರೆ ದಕ್ಷಿಣದಿಂದ 10 ನಾಟ್. ಗಾಳಿಯನ್ನು ಅದು ಬರುವ ದಿಕ್ಕಿನಿಂದ ಕರೆಯುತ್ತಾರೆ, ಸಮುದ್ರದ ಹರಿವನ್ನು ಹೋಗುವ ದಿಕ್ಕಿನಿಂದ. ಎರಡನ್ನೂ ಕಲಸಿಬಿಟ್ಟಿದ್ದೀರಿ.

ಮಧ್ಯರಾತ್ರಿ ಹೊರಟಿದ್ದು ಯಾಕೆ ಅಂತಲೂ ಹೇಳಿ. ಹುಣ್ಣಿಮೆ ಚಂದ ಅಂತಲ್ಲ. ದ್ವೀಪದ ಹತ್ತಿರ ನೀರಿನ ಬಣ್ಣ ನೋಡಿ ಆಳ ತಿಳಿಯಬೇಕು, ಅದಕ್ಕೆ ತಲುಪುವ ಹೊತ್ತಿಗೆ ಸೂರ್ಯ ಮೇಲೇರಿರಬೇಕು.

ಇನ್ನು 'ಆರು ದಿನ ಕಾದು ಏಳನೇ ದಿನ ಹೊರಟೆವು' ಎಂಬ ಸಾಲು. ನಿಮ್ಮ ಲೇಖನ ಇರುವುದೇ ಅಲ್ಲಿ. ಜನವರಿಯಲ್ಲಿ ಒಂದು ಶೀತಗಾಳಿಯ ಫ್ರಂಟ್ (ತಣ್ಣನೆಯ ಗಾಳಿರಾಶಿಯ ಮುಂಚೂಣಿ) ಹಾದುಹೋದರೆ ಉತ್ತರದ ಗಾಳಿ ಕೆಲವು ದಿನ ಬಿಡುವುದಿಲ್ಲ. ಆಮೇಲೆ ಪೂರ್ವದಿಂದ, ಆಗ್ನೇಯದಿಂದ ಬೀಸತೊಡಗುತ್ತದೆ. ದಕ್ಷಿಣದಿಂದ ಬಂತು ಅಂದರೆ ಮುಂದಿನ ಫ್ರಂಟ್ ಆಗಲೇ ದಾರಿಯಲ್ಲಿದೆ ಎಂದರ್ಥ. ಆ ಸಂದಿಯಲ್ಲಿ ನುಸುಳಬೇಕು. ಇದನ್ನು ಎಲ್ಲೂ ಬಿಡಿಸಿ ಹೇಳಿಲ್ಲ. ಆದರೆ ನಿಮ್ಮ ಪತ್ನಿ ದಿನಾ ಬೆಳಗ್ಗೆ ಹವಾ ವರದಿ ಕೇಳಿ, ಫ್ರಿಜ್ ಬಾಗಿಲ ಮೇಲಿನ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬಾಣದ ಗುರುತು ಹಾಕಿ, 'ಇವತ್ತೂ ಇಲ್ಲ' ಎಂದು ಅಕ್ಕಿ ತೊಳೆಯಲು ಹೋಗುತ್ತಿದ್ದರು ಎಂದು ಏಳನೇ ಪುಟದ ಮೂಲೆಯಲ್ಲಿ ಬರೆದಿದ್ದೀರಿ. ಅಲ್ಲಿಂದ ಶುರು ಮಾಡಿ. ಹಾಗೆಯೇ ಆ ಲೆಕ್ಕ ಅವರದು ಅಂತ ಲೇಖನದಲ್ಲಿ ಬರಲಿ. ಈಗ ಎಲ್ಲಾ ಕಡೆ ಬರೀ 'ನಾನು' ಇದೆ.

ಸಾವಿರದೈನೂರು ಪದ ಸಾಕು. ಆ ಕ್ಯಾಲೆಂಡರ್ ಇನ್ನೂ ಇದ್ದರೆ ಅದರದ್ದೊಂದು ಫೋಟೋ ತೆಗೆದು ಕಳಿಸಿ. ಸೂರ್ಯಾಸ್ತದ ಫೋಟೋಗಳು ನಮ್ಮಲ್ಲಿ ಬೇಕಾದಷ್ಟಿವೆ.