ಎರಡೂ ಕ್ಯಾಟ್‌ಫಿಶ್, ಆದರೆ ಒಂದೇ ಮೀನಲ್ಲ
ನಮಸ್ಕಾರ. ಅಮೆರಿಕದಲ್ಲಿ ಜನ ಕರಿದು ತಿನ್ನುವ ಕ್ಯಾಟ್‌ಫಿಶ್ ಎಂಬ ಮೀಸೆಯ ಮೀನನ್ನು ಸ್ಪೇನಿನಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುವುದೇಕೆ ಎಂದು ತಾವು ಕೇಳಿದ್ದೀರಿ. ಅವೆರಡೂ ಬೇರೆ ಬೇರೆ ಜಾತಿಯ ಮೀನುಗಳು.

ಮಿಸಿಸಿಪಿ ಸೀಮೆಯ ತಟ್ಟೆಗೆ ಬರುವುದು ಹೆಚ್ಚಾಗಿ ಕೊಳಗಳಲ್ಲಿ ಸಾಕಿದ ಚಾನಲ್ ಕ್ಯಾಟ್‌ಫಿಶ್. ಅದಕ್ಕೆ ತೇಲುವ ಆಹಾರವನ್ನು ಹಾಕಿ ಬೆಳೆಸುತ್ತಾರೆ. ತುಂಡುಗಳನ್ನು ಮಜ್ಜಿಗೆಯಲ್ಲಿ ನೆನೆಸಿ, ಮೆಕ್ಕೆಜೋಳದ ತರಿಯಲ್ಲಿ ಹೊರಳಿಸಿ, ಹೊರಪದರ ಗರಿಗರಿಯಾಗುವವರೆಗೆ ಎಣ್ಣೆಯಲ್ಲಿ ಕರಿಯುತ್ತಾರೆ. ನಮ್ಮ ರವೆ ಫ್ರೈ ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಅಲ್ಲಿಯೂ ಮೋಜಿನ ಬೇಟೆ ಇಲ್ಲದಿಲ್ಲ: ಒಕ್ಲಹೋಮದಲ್ಲಿ ನೀರಿನೊಳಗಿನ ಪೊಟರೆಗೆ ಬರಿಗೈ ತೂರಿಸಿ, ಮೊಟ್ಟೆ ಕಾಯುವ ಫ್ಲ್ಯಾಟ್‌ಹೆಡ್ ಎಂಬ ಇನ್ನೊಂದು ಜಾತಿಯ ಕ್ಯಾಟ್‌ಫಿಶ್ ಕೈಯನ್ನೇ ಕಚ್ಚಿದಾಗ ಎಳೆದು ತೆಗೆಯುವವರಿದ್ದಾರೆ. ನನಗಂತೂ ಆ ಧೈರ್ಯವಿಲ್ಲ.

ಸ್ಪೇನಿನ ಎಬ್ರೊ ನದಿಯದ್ದು ವೆಲ್ಸ್ ಎಂಬ ಜಾತಿ. ಮಧ್ಯ ಮತ್ತು ಪೂರ್ವ ಯುರೋಪಿನ ಈ ಮೀನನ್ನು 1974ರಲ್ಲಿ ಅಲ್ಲಿಗೆ ತಂದು ಬಿಡಲಾಯಿತು. ಎರಡು ಮೀಟರ್ ಮೀರಿ ಬೆಳೆಯುವ ಅದರ ಗಾತ್ರವೇ ಗಾಳ ಹಾಕುವವರಿಗೆ ಆಕರ್ಷಣೆಯಾದುದರಿಂದ, ತೂಗಿ, ಫೋಟೊ ತೆಗೆದು ಬಿಡುವ ರೂಢಿ ಬೆಳೆಯಿತು. ತಿನ್ನಲಾಗದ ಮೀನೆಂದು ಮಾತ್ರ ಭಾವಿಸಬೇಡಿ, ಏಕೆಂದರೆ ಇದೇ ಜಾತಿಯನ್ನು ಹಂಗೆರಿಯವರು ಕೆಂಪು ಪಾಪ್ರಿಕಾ ಪುಡಿ ಮತ್ತು ಹುಳಿ ಕೆನೆ ಹಾಕಿದ ಗೊಜ್ಜಿನಲ್ಲಿ ಬೇಯಿಸಿ, ಚೀಸ್ ಬೆರೆಸಿದ ನೂಡಲ್ಸ್ ಜೊತೆಗೆ ಇಷ್ಟಪಟ್ಟು ತಿನ್ನುತ್ತಾರೆ.

ನಮ್ಮ ಕಡೆಯ ಕ್ಯಾಟ್‌ಫಿಶ್ ಆದ ಮುರುಗೋಡು ಮೀನು ಇವೆರಡಕ್ಕಿಂತ ಭಿನ್ನ. ಅದು ಗಾಳಿಯನ್ನೂ ಉಸಿರಾಡಬಲ್ಲದಾದ್ದರಿಂದ ನೀರಿನ ಹೊರಗೂ ಬಹಳ ಹೊತ್ತು ಜೀವಂತವಾಗಿರುತ್ತದೆ. ಅದನ್ನು ಶುಚಿಗೊಳಿಸುವಾಗ ಎದೆಯ ಪಕ್ಕದ ಮುಳ್ಳುಗಳನ್ನು ಮೊದಲು ಕತ್ತರಿಸಿಕೊಳ್ಳಿ, ಚುಚ್ಚಿದರೆ ತುಂಬಾ ಉರಿಯುತ್ತದೆ.