ಮನೆಯ ಮರಗೆಲಸದಲ್ಲಿ ಒಳ್ಳೆಯ ಉಪಕರಣಗಳಿಂದ ಸಿಗುವ ತೃಪ್ತಿ ನಿಜಕ್ಕೂ ಎಂಥದ್ದು?

ಮನೆಯ ಒಂದು ಮೂಲೆಯಲ್ಲಿ ಬೆಂಚು ಹಾಕಿಕೊಂಡು ಒಂದು ವರ್ಷದಿಂದ ಮರಗೆಲಸ ಮಾಡುತ್ತಿರುವುದಾಗಿಯೂ, ಒಂದೇ ಪೆಟ್ಟಿಗೆಯಲ್ಲಿ ಸೆಟ್ಟಾಗಿ ಬಂದ ಅಗ್ಗದ ಉಪಕರಣಗಳನ್ನೇ ಬಳಸುತ್ತಿರುವುದಾಗಿಯೂ ನೀವು ಬರೆದಿದ್ದೀರಿ. ಒಳ್ಳೆಯ ಉಪಕರಣ ಹಿಡಿದರೆ ಕೆಲಸದ ಸುಖವೇ ಬೇರೆ ಎಂದು ಅನುಭವಸ್ಥರು ಹೇಳುವುದು ನಿಜವೋ, ಅಥವಾ ಅದು ಹಣ ಖರ್ಚು ಮಾಡಿದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನವೋ ಎಂಬುದು ನಿಮ್ಮ ಪ್ರಶ್ನೆ. ನಾನು ಬಡಗಿಯಲ್ಲ, ಬಿಡುವಿನ ವೇಳೆಯಲ್ಲಿ 14 ವರ್ಷಗಳಿಂದ ಪೆಟ್ಟಿಗೆ, ಸ್ಟೂಲು, ಕಪಾಟು ಮುಂತಾದವನ್ನು ಮಾಡುತ್ತಾ ಬಂದವನು. ಆ ತೃಪ್ತಿ ನಿಜ ಎಂದೇ ನನ್ನ ಉತ್ತರ. ಆದರೆ ಅದು ಯಾವುದರಿಂದ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಮೊದಲ ಎರಡು ವರ್ಷ ನಾನು ಮಾಡಿದ ಒಂದು ಪೆಟ್ಟಿಗೆಯೂ ನೆಟ್ಟಗೆ ಕೂರಲಿಲ್ಲ. ನಾಲ್ಕು ಹಲಗೆಗಳನ್ನು ಎಷ್ಟು ಎಚ್ಚರದಿಂದ ಕೊಯ್ದರೂ ಕೊನೆಯ ಮೂಲೆಯಲ್ಲಿ ಸಂದು ಬಿಡುತ್ತಿತ್ತು, ಮುಚ್ಚಳ ಒಂದು ಕಡೆ ಎದ್ದು ನಿಲ್ಲುತ್ತಿತ್ತು. ನನ್ನ ಕೈಗೇ ಈ ವಿದ್ಯೆ ಒಲಿಯದು ಎಂದು ನಂಬಿಬಿಟ್ಟಿದ್ದೆ. ಒಂದು ದಿನ ಮೂಲೆಮಟ್ಟವನ್ನು, ಅಂದರೆ ಹಲಗೆಯ ಮೇಲೆ 90 ಡಿಗ್ರಿಯ ಗೀಟು ಹಾಕಲು ಬಳಸುವ, ಹಿಡಿಗೆ ಉಕ್ಕಿನ ಪಟ್ಟಿ ಕೂರಿಸಿದ ಉಪಕರಣವನ್ನು, ಪರೀಕ್ಷಿಸುವ ಹಳೆಯ ಕ್ರಮವೊಂದನ್ನು ಓದಿ ಹಾಗೆಯೇ ಮಾಡಿ ನೋಡಿದೆ. ನೇರವಾದ ಅಂಚುಳ್ಳ ಹಲಗೆಗೆ ಮೂಲೆಮಟ್ಟದ ಹಿಡಿಯನ್ನು ಒತ್ತಿಹಿಡಿದು ಚೂರಿಯಿಂದ ಒಂದು ಗೀಟು ಎಳೆಯಬೇಕು. ಆಮೇಲೆ ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೀಟು ಎಳೆಯಬೇಕು. ಮಟ್ಟ ಸರಿಯಿದ್ದರೆ ಎರಡು ಗೀಟುಗಳೂ ಒಂದರ ಮೇಲೊಂದು ಬೀಳುತ್ತವೆ. ನನ್ನ ಹಲಗೆಯ ಮೇಲೆ 200 ಮಿ.ಮೀ. ದೂರ ಹೋಗುವಷ್ಟರಲ್ಲಿ ಅವುಗಳ ನಡುವೆ 2 ಮಿ.ಮೀ. ಅಂತರವಿತ್ತು. ಮಗುಚಿದಾಗ ತಪ್ಪು ಇಮ್ಮಡಿಯಾಗಿ ಕಾಣುವುದರಿಂದ ಮಟ್ಟದ ನಿಜವಾದ ದೋಷ ಅದರ ಅರ್ಧ, ಅಂದರೆ 1 ಮಿ.ಮೀ.; ನಾಲ್ಕು ಮೂಲೆಗಳಿಗೂ ಅದೇ ಮಟ್ಟ ಹಿಡಿದರೆ ಆ ದೋಷ ಒಂದಕ್ಕೊಂದು ಸೇರುತ್ತಾ ಹೋಗುತ್ತದೆ. ಎರಡು ವರ್ಷ ನಾನು ನನ್ನ ಕೈಯ ಮೇಲೆ ಹೊರಿಸಿದ್ದ ತಪ್ಪು ಆ ಉಕ್ಕಿನ ಪಟ್ಟಿಯಲ್ಲಿತ್ತು.

ಆ ದಿನ ನನಗೆ ಕೋಪಕ್ಕಿಂತ ಹೆಚ್ಚಾಗಿ ದುಃಖವಾಯಿತು. ಉಪಕರಣ ಕೆಟ್ಟದ್ದಾಗಿದ್ದರೆ ಕೆಲಸ ಕೆಡುವುದು ಒಂದು ನಷ್ಟ. ತಪ್ಪು ನಿಮ್ಮದೋ ಉಪಕರಣದ್ದೋ ಎಂದು ಗೊತ್ತಾಗದೇ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ, ಏಕೆಂದರೆ ಗೊತ್ತಾಗದ ತಪ್ಪನ್ನು ಯಾರೂ ತಿದ್ದಿಕೊಳ್ಳಲಾರರು. ಸರಿಯಾದ ಮೂಲೆಮಟ್ಟ ಕೈಗೆ ಬಂದ ಮೇಲೆ ನನ್ನ ಪೆಟ್ಟಿಗೆಗಳೇನೂ ಮಾರನೆಯ ದಿನವೇ ನೆಟ್ಟಗಾಗಲಿಲ್ಲ. ಆದರೆ ಸಂದು ಬಿಟ್ಟಾಗ ಎಲ್ಲಿ ಎಡವಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು: ಇಲ್ಲಿ ಗರಗಸ ಗೀಟು ದಾಟಿದೆ, ಇಲ್ಲಿ ಉಳಿ ಒಳಕ್ಕೆ ಓರೆಯಾಗಿ ಇಳಿದಿದೆ ಎಂದು. ನಾನು ತೃಪ್ತಿ ಎಂದು ಕರೆಯುವುದು ಮುಖ್ಯವಾಗಿ ಇದನ್ನೇ. ಒಳ್ಳೆಯ ಉಪಕರಣ ನಿಮ್ಮ ಕೈ ಮಾಡಿದ್ದನ್ನು, ಸರಿಯೋ ತಪ್ಪೋ, ಇದ್ದಂತೆಯೇ ಮರದ ಮೇಲೆ ಮೂಡಿಸುತ್ತದೆ.

ಉಳಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಒಳ್ಳೆಯದು ಎಂಬ ಮಾತಿಗೆ ಎರಡು ಅರ್ಥಗಳಿರುವುದು ಅಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಮೊದಲನೆಯದು ಉಕ್ಕು. ಒಳ್ಳೆಯ ಉಳಿಯ ಉಕ್ಕಿನ ಗಡಸುತನ ರಾಕ್‌ವೆಲ್ ಸಿ ಮಾನದಲ್ಲಿ ಸಾಮಾನ್ಯವಾಗಿ 58ರಿಂದ 62ರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ತೀರ ಮೆದುವಾದರೆ ಹರಿತವಾದ ಅಂಚು ನಾಲ್ಕು ಏಟಿಗೆ ಮಡಚಿಕೊಳ್ಳುತ್ತದೆ, ತೀರ ಗಡಸಾದರೆ ಚಕ್ಕೆ ಏಳುತ್ತದೆ. ಎರಡನೆಯದು ಹರಿತ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಎಷ್ಟು ಉತ್ತಮ ಉಳಿಯೇ ಆದರೂ ಬಹುಪಾಲು ಸಂದರ್ಭಗಳಲ್ಲಿ ಬೆನ್ನು ಪೂರ್ತಿ ಸಪಾಟಾಗಿರುವುದಿಲ್ಲ, ಅಂಚು ಕೆಲಸಕ್ಕೆ ತಯಾರಾಗಿರುವುದಿಲ್ಲ. ಅದನ್ನು ನೀವೇ ಮಸೆದುಕೊಳ್ಳಬೇಕು.

ನಾನು ಮಸೆಯುವ ಕ್ರಮ ಸರಳವಾದದ್ದು. ಮೊದಲು ಉಳಿಯ ಬೆನ್ನನ್ನು, ಅಂಚಿನ ಹತ್ತಿರದ ಒಂದೆರಡು ಅಂಗುಲದಷ್ಟನ್ನಾದರೂ, ಸಾಣೆಕಲ್ಲಿನ ಮೇಲೆ ಕನ್ನಡಿಯಂತಾಗುವ ತನಕ ಸಪಾಟು ಮಾಡುತ್ತೇನೆ. ಇದು ಜೀವಮಾನದಲ್ಲಿ ಒಮ್ಮೆ ಮಾಡಿದರೆ ಸಾಕಾಗುವ ಕೆಲಸ. ಆಮೇಲೆ ಮುಂಭಾಗದ ಇಳಿಜಾರನ್ನು 25 ಡಿಗ್ರಿಗೆ ತಂದು, ತುದಿಯಲ್ಲಿ ಮಾತ್ರ 30 ಡಿಗ್ರಿಯ ಸಣ್ಣ ಪಟ್ಟಿಯೊಂದನ್ನು 1000 ಗ್ರಿಟ್‌ನ ಕಲ್ಲಿನ ಮೇಲೆ ತೆಗೆಯುತ್ತೇನೆ. ಗ್ರಿಟ್ ಎಂದರೆ ಕಲ್ಲಿನ ನುಣುಪಿನ ಅಂಕ; ಅಂಕ ಹೆಚ್ಚಾದಷ್ಟೂ ಕಲ್ಲು ನುಣ್ಣಗಿರುತ್ತದೆ. ಸ್ವಲ್ಪ ಹೊತ್ತಿಗೆ ಬೆನ್ನಿನ ಕಡೆ ಬೆರಳಾಡಿಸಿದರೆ ತಡೆದಂತಾಗುವ, ಬರ್ ಎಂದು ಕರೆಯುವ ಲೋಹದ ಎಳೆಯೊಂದು ಅಂಚಿನ ಉದ್ದಕ್ಕೂ ಎದ್ದಿರುತ್ತದೆ. ಅದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ತಪ್ಪದೆ ಸಿಕ್ಕಿದರೆ ಮಾತ್ರ ಮುಂದಿನ ಕಲ್ಲಿಗೆ ಹೋಗಬೇಕು. ಅವಸರದಲ್ಲಿ ಇದನ್ನು ಬಿಟ್ಟವರು 8000ದ ಕಲ್ಲಿನ ಮೇಲೆ ಎಷ್ಟು ಹೊತ್ತು ಉಜ್ಜಿದರೂ ಹೊಳೆಯುವ ಮೊಂಡು ಉಳಿಯೊಂದು ಸಿಗುತ್ತದೆಯೇ ಹೊರತು ಹರಿತ ಬರುವುದಿಲ್ಲ. ನಾನು ಮಧ್ಯೆ 4000 ಮುಗಿಸಿ 8000ಕ್ಕೆ ಹೋಗುತ್ತೇನೆ, ಕೊನೆಯಲ್ಲಿ ಬೆನ್ನನ್ನು ಕಲ್ಲಿಗೆ ಸಪಾಟಾಗಿ ಇಟ್ಟು ಬರ್ ತೆಗೆಯುತ್ತೇನೆ. ಚಕ್ರದ ಸಾಣೆಯನ್ನು ಬಳಸುವುದಾದರೆ ಒಂದು ಎಚ್ಚರಿಕೆ: ಅಂಚು ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿದರೆ ಶಾಖ 300 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಹೋಗಿದೆ ಎಂದರ್ಥ, ಮತ್ತು ಸಾಮಾನ್ಯ ಇಂಗಾಲದ ಉಕ್ಕು ಅಲ್ಲಿ ತನ್ನ ಗಡಸುತನವನ್ನು ಕಳೆದುಕೊಂಡಿರುತ್ತದೆ. ಆ ಭಾಗವನ್ನು ಪೂರ್ತಿ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ.

ಹರಿತವನ್ನು ಪರೀಕ್ಷಿಸಲು ಕೈಯ ರೋಮ ಬೋಳಿಸುವ ರೂಢಿ ಇದೆ. ನನಗೆ ಅದಕ್ಕಿಂತ ಪೈನ್ ಮರದ ತುಂಡೊಂದರ ತುದಿಮುಖವೇ, ಅಂದರೆ ಎಳೆಗಳನ್ನು ಅಡ್ಡ ಕೊಯ್ದಾಗ ಕಾಣುವ ಮುಖವೇ, ಹೆಚ್ಚು ನಂಬಿಕೆಯ ಪರೀಕ್ಷೆ. ಗಟ್ಟಿ ಮರಕ್ಕಿಂತ ಮೆದು ಮರವನ್ನು ಎಳೆಗೆ ಅಡ್ಡಲಾಗಿ ಕೊಯ್ಯುವುದು ಕಷ್ಟ, ಏಕೆಂದರೆ ಮೆದುವಾದ ನಾರುಗಳು ಅಲಗಿಗೆ ಎದುರು ನಿಲ್ಲದೆ ಬಾಗಿ ಜಜ್ಜಿಹೋಗುತ್ತವೆ. ಮೊಂಡು ಉಳಿ ಅಲ್ಲಿ ಪುಡಿಪುಡಿಯಾದ, ಮಾಸಲು ಬಿಳಿಯ ಮೇಲ್ಮೈಯನ್ನು ಬಿಟ್ಟು ಹೋಗುತ್ತದೆ. ಹರಿತವಾದ ಉಳಿಯನ್ನು ಎರಡು ಕೈಗಳಿಂದ ಒತ್ತಿದರೆ ಸಾಕು, ಕೊಡತಿಯ ಏಟಿಲ್ಲದೆಯೇ ತೆಳುವಾದ ಪದರವೊಂದು ಮುರಿಯದೆ ಸುತ್ತಿಕೊಂಡು ಮೇಲೇಳುತ್ತದೆ. ಕೆಳಗೆ ಉಳಿದ ಮುಖ ಎಣ್ಣೆ ಹಚ್ಚಿದಂತೆ ಮಿನುಗುತ್ತದೆ, ಒಂದೊಂದು ವರ್ಷದ ಬೆಳವಣಿಗೆಯ ಉಂಗುರವೂ ಬೇರೆಬೇರೆಯಾಗಿ ಎಣಿಸಲು ಬರುತ್ತದೆ. ಇಷ್ಟು ವರ್ಷಗಳ ಮೇಲೂ ಆ ಮುಖವನ್ನು ಕಂಡಾಗ ಕೆಲಸ ನಿಲ್ಲಿಸಿ ಒಂದು ಕ್ಷಣ ನೋಡುತ್ತಾ ನಿಲ್ಲುತ್ತೇನೆ.

ಹತ್ತರಿಯ ಬಗ್ಗೆ ಬರೆಯದಿದ್ದರೆ ಈ ಉತ್ತರ ಅರ್ಧವಾಗುತ್ತದೆ. ಮರವನ್ನು ನುಣುಪು ಮಾಡುವ ಈ ಉಪಕರಣವನ್ನು ಕೆಲವರು ಉಜ್ಜುಗೊರಡು ಎಂದೂ ಕರೆಯುತ್ತಾರೆ. ಇಂದು ಹೆಚ್ಚಾಗಿ ಕಾಣುವ ಲೋಹದ ಹತ್ತರಿಯ ರಚನೆ 19ನೆಯ ಶತಮಾನದಲ್ಲಿ ಅಮೆರಿಕದ ಲಿಯೊನಾರ್ಡ್ ಬೈಲಿ ರೂಪಿಸಿದ್ದು. 1869ರಲ್ಲಿ ಸ್ಟಾನ್ಲಿ ಕಂಪನಿ ಅವನ ವ್ಯವಹಾರವನ್ನು ಕೊಂಡ ಮೇಲೆ ಅದು ಜಗತ್ತಿನ ಎಲ್ಲೆಡೆ ಹರಡಿತು. ಅಲಗು 45 ಡಿಗ್ರಿಯಲ್ಲಿ ಮಲಗಿರುತ್ತದೆ, ಹಿಂದೆ ಆಳವನ್ನು ಹೆಚ್ಚು ಕಡಿಮೆ ಮಾಡುವ ತಿರುಪಿನ ಚಕ್ರವಿರುತ್ತದೆ. ಅಗ್ಗದ ಹತ್ತರಿಯಲ್ಲೂ ಈ ಎಲ್ಲ ಭಾಗಗಳೂ ಇರುತ್ತವೆ, ಆದರೆ ಅಲಗು ಕೂರುವ ಹಾಸು ಒರಟಾಗಿದ್ದು ಅಲಗು ಅದುರುತ್ತದೆ, ತಳ ತಿರುಚಿಕೊಂಡಿರುತ್ತದೆ, ಚಕ್ರವನ್ನು ಎರಡು ಮೂರು ಸುತ್ತು ತಿರುಗಿಸಿದರೂ ಅಲಗು ಕದಲದೆ ಆಮೇಲೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಚೆನ್ನಾಗಿ ತಯಾರಾದ ಹತ್ತರಿಯಲ್ಲಿ ಚಕ್ರವನ್ನು ಕಾಲು ಸುತ್ತು ತಿರುಗಿಸಿದರೆ ಮರದ ಮೇಲೆ ಏಳುವ ಸುರುಳಿಯ ದಪ್ಪ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಎಳೆಗಳು ಅತ್ತಿತ್ತ ಹೆಣೆದುಕೊಂಡ ಮರದ ಮೇಲೆ ಹತ್ತರಿ ಓಡಿಸಿದಾಗ ನಾರು ಕಿತ್ತುಬಂದು ಗುಳಿ ಬೀಳುವುದು ನಮ್ಮೆಲ್ಲರ ದೊಡ್ಡ ಕಾಟ. ಅಲಗಿನ ಮೇಲೆ ಜೊತೆಯಾಗಿ ಕೂರುವ ಚಿಪ್‌ಬ್ರೇಕರ್ ಎಂಬ ತಗಡು ಇರುವುದು ಇದಕ್ಕಾಗಿಯೇ ಎಂಬುದು ನನಗೆ ಬಹಳ ಕಾಲ ತಿಳಿದಿರಲಿಲ್ಲ. ಜಪಾನಿನ ಯಮಗಾಟ ವಿಶ್ವವಿದ್ಯಾಲಯದ ಕಾವಾಯಿ ಮತ್ತು ಕಾಟೊ ಎಂಬ ಪ್ರಾಧ್ಯಾಪಕರು ಅಲಗು ಮರವನ್ನು ಕೊಯ್ಯುವ ಜಾಗವನ್ನು ಬಹಳ ಹತ್ತಿರದಿಂದ ಚಿತ್ರೀಕರಿಸಿ, ಆ ತಗಡು ಅಂಚಿನಿಂದ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ಹಿಂದೆ ಇದ್ದರೆ ಮೇಲೇಳುವ ಸುರುಳಿಯನ್ನು ಅದು ಕೂಡಲೇ ಮಡಿಸಿ, ನಾರು ಮುಂದಕ್ಕೆ ಸೀಳಿಕೊಂಡು ಹೋಗದಂತೆ ತಡೆಯುತ್ತದೆ ಎಂದು ತೋರಿಸಿದ್ದಾರೆ. ಸ್ವಲ್ಪ ಹಿಂದೆ ಸರಿದರೂ ಆ ಪರಿಣಾಮ ಇರುವುದಿಲ್ಲ. ಇಂಥ ಸೂಕ್ಷ್ಮ ಹೊಂದಾಣಿಕೆಯನ್ನು ತಗಡಿನ ಅಂಚು ಅಲಗಿಗೆ ಸಂದಿಲ್ಲದೆ ಕೂರುವ ಹತ್ತರಿಯಲ್ಲಿ ಮಾತ್ರ ಮಾಡಲು ಸಾಧ್ಯ. ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಹೊಟ್ಟು ಅದರೊಳಗೆ ಸಿಕ್ಕಿಕೊಂಡು ಹತ್ತರಿಯ ಬಾಯಿ ಕಟ್ಟಿಹೋಗುತ್ತದೆ. ನಾನು ಮೊದಲ ಬಾರಿ ಇದನ್ನು ಸರಿಯಾಗಿ ಹೊಂದಿಸಿ, ತಳಕ್ಕೆ ಮೇಣದ ಬತ್ತಿಯನ್ನು ಎರಡು ಗೆರೆ ಉಜ್ಜಿ, ಹಿಂದೆ ಹಲವು ಬಾರಿ ಕಿತ್ತುಬಂದಿದ್ದ ಹಲಗೆಯ ಮೇಲೆ ತಳ್ಳಿದಾಗ ಕೇಳಿದ ಸದ್ದು ಈಗಲೂ ಕಿವಿಯಲ್ಲಿದೆ: ಕರಕರ ಎನ್ನುತ್ತಿದ್ದದ್ದು ಹೋಗಿ, ರೇಷ್ಮೆ ಬಟ್ಟೆಯನ್ನು ಎಳೆದಂತೆ ಒಂದೇ ಉಸಿರಿನ ಸುಯ್ಯೆನ್ನುವ ಸದ್ದು. ಸುರುಳಿಯನ್ನು ಅಳೆದರೆ 0.05 ಮಿ.ಮೀ., ಅಂದರೆ ಸಾಧಾರಣ ಬರೆಯುವ ಹಾಳೆಯ ಅರ್ಧದಷ್ಟು ದಪ್ಪ. ಜಪಾನಿನಲ್ಲಿ ಇದನ್ನೇ ಸ್ಪರ್ಧೆಯಾಗಿಸಿಕೊಂಡು 10 ಮೈಕ್ರಾನ್‌ಗಿಂತ (ಅಂದರೆ 0.01 ಮಿ.ಮೀ.ಗಿಂತ) ತೆಳುವಾದ ಸುರುಳಿ ತೆಗೆಯುವವರಿದ್ದಾರೆ. ಪೀಠೋಪಕರಣಕ್ಕೆ ಅಷ್ಟೆಲ್ಲ ಬೇಕಿಲ್ಲ. ಹಲಗೆಯ ಮೇಲೆ ಅಂಗೈ ಸವರಿದಾಗ ಎಲ್ಲೂ ತಡೆಯದಿದ್ದರೆ ನನಗೆ ಸಾಕು.

ಇಲ್ಲಿ ಒಂದು ಮಾತು ಸೇರಿಸಬೇಕು. ಹತ್ತರಿಯಿಂದ ನುಣುಪಾದ ಹಲಗೆಗೆ ಮರಳುಕಾಗದ ಹೆಚ್ಚು ಬೇಡವಾದ್ದರಿಂದ ಗಾಳಿಯಲ್ಲಿ ಸೂಕ್ಷ್ಮ ಧೂಳು ಕಡಿಮೆಯಾಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ 1995ರಲ್ಲೇ ಸೇರಿಸಿದೆ. ಮನೆಯೊಳಗೆ ಕೆಲಸ ಮಾಡುವ ನಮಗೆ ಇದು ಸಣ್ಣ ವಿಷಯವಲ್ಲ. ಮರಳುಕಾಗದ ಉಜ್ಜಲೇಬೇಕಾದಾಗ ನಾನು ಮುಖಗವಸು ಇಲ್ಲದೆ ಉಜ್ಜುವುದಿಲ್ಲ.

ಗರಗಸದ್ದೂ ಮೂಲೆಮಟ್ಟದ ಕತೆಯೇ. ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಎಂಬಂತೆ ಅತಿ ಸ್ವಲ್ಪ ಬಾಗಿಸಿರುತ್ತಾರೆ. ಒಂದು ಕಡೆಯ ಬಾಗು ಹೆಚ್ಚಾಗಿದ್ದರೆ ನೀವು ಎಷ್ಟು ಬಿಗಿಹಿಡಿದರೂ ಗರಗಸ ಆ ಕಡೆಗೇ ಎಳೆಯುತ್ತದೆ, ಕೊಯ್ಯುವವರು ತಮ್ಮ ಮಣಿಕಟ್ಟನ್ನು ದೂರುತ್ತಾರೆ. ಎಳೆಯ ಉದ್ದಕ್ಕೆ ಸೀಳುವ ಹಲ್ಲು ಸಣ್ಣ ಉಳಿಗಳ ಸಾಲಿನಂತೆ, ಅಡ್ಡಕ್ಕೆ ಕೊಯ್ಯುವ ಹಲ್ಲು ಚೂರಿಯ ಮೊನೆಗಳ ಸಾಲಿನಂತೆ ಇರಬೇಕು. ಸೆಟ್ಟಿನಲ್ಲಿ ಬರುವ ಒಂದೇ ಗರಗಸ ಎರಡನ್ನೂ ಅರೆಬರೆಯಾಗಿ ಮಾಡುತ್ತದೆ. ನಾನು ಸಣ್ಣ ಜೋಡಣೆಗಳಿಗೆ ತನ್ನ ಕಡೆಗೆ ಎಳೆದು ಕೊಯ್ಯುವ ಜಪಾನಿ ಮಾದರಿಯ ಗರಗಸವನ್ನು ಬಳಸುತ್ತೇನೆ. ಎಳೆಯುವಾಗ ಅಲಗು ಬಿಗಿದುಕೊಳ್ಳುವುದರಿಂದ ಅದನ್ನು ಬಹಳ ತೆಳ್ಳಗೆ ಮಾಡಲು ಬರುತ್ತದೆ, ಗೀಟಿನ ಪಕ್ಕದಲ್ಲೇ ಅದು ಕೂರುತ್ತದೆ.

ವಿದ್ಯುತ್ ಉಪಕರಣಗಳ ಬಗ್ಗೆಯೂ ಕೇಳಿದ್ದೀರಿ. ದಪ್ಪ ಹಲಗೆಗಳನ್ನು ಅಳತೆಗೆ ತರಲು ಅವು ಬೇಕು, ನನ್ನಲ್ಲೂ ಎರಡಿವೆ. ಅವುಗಳಲ್ಲಿ ನಾನು ನೋಡುವುದು ಕೊಯ್ಯುವಾಗ ಹಲಗೆಯನ್ನು ಅಳತೆಗೆ ಸರಿಯಾಗಿ ಆನಿಸಿ ಹಿಡಿಯುವ ಪಟ್ಟಿ ಅಲುಗದೆ ನಿಲ್ಲುತ್ತದೆಯೇ, ಅಲಗಿನ ರಕ್ಷಣೆ ಸರಿಯಿದೆಯೇ ಎಂಬುದನ್ನು ಮಾತ್ರ.

ಇನ್ನು ಖರ್ಚಿನ ಪ್ರಶ್ನೆ. ನಿಮ್ಮ ಸೆಟ್ಟನ್ನು ಪೂರ್ತಿ ಎಸೆದು ಹೊಸದನ್ನು ಕೊಳ್ಳಬೇಡಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ನನ್ನ ಬಳಿಯಿರುವ ಹತ್ತರಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ತುಕ್ಕು ಹಿಡಿದ ಸ್ಥಿತಿಯಲ್ಲಿ ಸಿಕ್ಕಿದ ಹಳೆಯದು. ಅದರ ತಳವನ್ನು ಸಪಾಟು ಮಾಡಲು ಎರಡು ಭಾನುವಾರಗಳು ಬೇಕಾದವು, ಆ ಎರಡು ಭಾನುವಾರಗಳಲ್ಲೇ ಹತ್ತರಿ ಹೇಗೆ ಕೆಲಸ ಮಾಡುತ್ತದೆ ಎಂಬುದು ನನಗೆ ಅರ್ಥವಾಯಿತು. ಒಮ್ಮೆಗೆ ಒಂದೇ ಉಪಕರಣ ಕೊಳ್ಳಿ. ನನ್ನ ಅನುಭವದಲ್ಲಿ ಮೊದಲು ಬರಬೇಕಾದವು ನಂಬಬಹುದಾದ ಮೂಲೆಮಟ್ಟ ಮತ್ತು ಸಾಣೆಕಲ್ಲುಗಳು, ಅವುಗಳಾದ ಮೇಲೆ ಗರಗಸ, ಹತ್ತರಿ ಕೊನೆಗೆ.

ಅದಕ್ಕೂ ಮೊದಲು, ಈ ವಾರವೇ, ಏನನ್ನೂ ಕೊಳ್ಳದೆ ಎರಡು ಕೆಲಸ ಮಾಡಿ. ನಿಮ್ಮ ಮೂಲೆಮಟ್ಟವನ್ನು ಮಗುಚಿ ಎರಡು ಗೀಟು ಎಳೆದು ನೋಡಿ. ಆಮೇಲೆ ಸೆಟ್ಟಿನಲ್ಲಿರುವ ಅತಿ ಅಗಲದ ಉಳಿಯನ್ನು, ಸಪಾಟಾದ ಗಾಜಿನ ಮೇಲೆ ಅಂಟಿಸಿದ ನೀರುನಿರೋಧಕ ಮರಳುಕಾಗದವಾದರೂ ಸರಿ, ಬರ್ ಉದ್ದಕ್ಕೂ ಏಳುವ ತನಕ ಮಸೆದು, ಕೊನೆಗೆ ನುಣ್ಣನೆಯ ಕಾಗದದ ಮೇಲೆ ಮುಗಿಸಿ, ಪೈನ್ ತುಂಡಿನ ತುದಿಮುಖದಿಂದ ಒಂದು ಪದರ ತೆಗೆಯಿರಿ. ಆ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಿನುಗಿನ ನಡುವೆ ಸಣ್ಣ ಬಿಳಿಯ ಗೆರೆಯೊಂದು ಕಂಡರೆ ಅಂಚಿನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಮುಕ್ಕು ಉಳಿದಿದೆ. ಮತ್ತೆ ಒರಟು ಕಾಗದಕ್ಕೆ ಹಿಂತಿರುಗಿ, ಅದು ಹೋಗುವ ತನಕ ಮಸೆಯಿರಿ.